ಇರುಳನ್ನು ಅಳೆಯುವ ಜಿಂಕೆ

ಅಮೆರಿಕದ ವಿಸ್ಕಾನ್ಸಿನ್, ಮಿಶಿಗನ್, ಓಹಾಯೊ ಮುಂತಾದ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ನವೆಂಬರ್ ತಿಂಗಳಲ್ಲಿ ಕಾರು ಓಡಿಸುವಾಗ ಮೈಯೆಲ್ಲ ಕಣ್ಣಾಗಿರಬೇಕೆಂಬ ಸಂಗತಿ ಚೆನ್ನಾಗಿ ಗೊತ್ತು. ವರ್ಷದ ಬೇರೆ ಹೊತ್ತಿನಲ್ಲಿ ಹೊಲದಂಚಿನಿಂದ ತಲೆ ಎತ್ತಿ ನೋಡಿ ಪೊದೆಯೊಳಗೆ ಸರಿದುಹೋಗುವ ಜಿಂಕೆಗಳು ಆ ತಿಂಗಳಲ್ಲಿ ಹಿಂದುಮುಂದು ನೋಡದೆ ಹೆದ್ದಾರಿಗೆ ಅಡ್ಡ ನುಗ್ಗುತ್ತವೆ, ಜಿಂಕೆಗಳಿಗೆ ವಾಹನ ಡಿಕ್ಕಿ ಹೊಡೆಯುವ ಅಪಘಾತಗಳು ವರ್ಷದಲ್ಲೇ ಅತಿ ಹೆಚ್ಚಾಗಿ ನಡೆಯುವುದೂ ಆಗಲೇ. ಇದೇ ಒಗಟಿನ ಇನ್ನೊಂದು ಮುಖ ಅಲ್ಲಿನ ಬಿಲ್ಲುಬೇಟೆಗಾರರಿಗೆ ಎದುರಾಗುತ್ತದೆ. ವಿಸ್ಕಾನ್ಸಿನ್ನಿನಲ್ಲಿ ಸೆಪ್ಟೆಂಬರ್ ನಡುವಿನಲ್ಲಿ ಬೇಟೆಯ ಋತು ಆರಂಭವಾಗುವ ಹೊತ್ತಿಗೆ ಸಂಜೆಯ ಬೆಳಕಿನಲ್ಲಿ ಸೋಯಾ ಹೊಲಕ್ಕೆ ತಪ್ಪದೆ ಇಳಿಯುತ್ತಿದ್ದ ಕವಲುಗೊಂಬಿನ ಗಂಡು ಅಕ್ಟೋಬರ್ ಮೊದಲ ವಾರ ಕಳೆಯುವಷ್ಟರಲ್ಲಿ ಕಾಣೆಯಾಗುತ್ತದೆ; ಆಮೇಲೆ ಕೆಲವು ವಾರ ಕಾಡೇ ಬರಿದಾದಂತೆ ತೋರುತ್ತದೆ; ನವೆಂಬರ್ ಕಾಲಿಟ್ಟೊಡನೆ ಆ ಸೀಮೆಯಲ್ಲಿ ಹಿಂದೆಂದೂ ಕಾಣದ ಗಂಡುಗಳು ಹಾಡುಹಗಲಲ್ಲೇ ಓಡಾಡತೊಡಗುತ್ತವೆ; ಎರಡು ವಾರ ತುಂಬುವ ಮೊದಲೇ ಮತ್ತೆ ಎಲ್ಲವೂ ಸ್ತಬ್ಧವಾಗುತ್ತದೆ. ಈ ಏರಿಳಿತ ಪ್ರತಿವರ್ಷವೂ ಹೆಚ್ಚುಕಡಿಮೆ ಅವೇ ದಿನಾಂಕಗಳ ಆಸುಪಾಸಿನಲ್ಲಿ ನಡೆಯುತ್ತದೆ ಎಂಬುದೇ ಇದರ ವಿಶೇಷ, ಏಕೆಂದರೆ ಆ ನಾಡಿನ ಹವಾಮಾನ ಯಾವ ಎರಡು ವರ್ಷವೂ ಒಂದೇ ತೆರನಾಗಿರುವುದಿಲ್ಲ.

ಇಲ್ಲಿ ಹೇಳುತ್ತಿರುವ ಪ್ರಾಣಿ ಬಿಳಿಬಾಲದ ಜಿಂಕೆ. ಬೆದರಿ ಓಡುವಾಗ ಅದು ಬಾಲವನ್ನು ನೆಟ್ಟಗೆ ಎತ್ತಿ ಅಡಿಭಾಗದ ಬೆಳ್ಳನೆಯ ಕೂದಲನ್ನು ಬಾವುಟದಂತೆ ಬೀಸುವುದರಿಂದ ಈ ಹೆಸರು ಬಂದಿದೆ. ಮಾರಾಟಕ್ಕಾಗಿ ನಡೆದ ಮಿತಿಯಿಲ್ಲದ ಬೇಟೆಯಿಂದ 1900ರ ಹೊತ್ತಿಗೆ ಅಮೆರಿಕದಲ್ಲಿ ಈ ಜಿಂಕೆಗಳ ಸಂಖ್ಯೆ ಕೆಲವು ಲಕ್ಷಕ್ಕೆ ಕುಸಿದಿತ್ತು. ಬೇಟೆಗೆ ಋತು, ಪರವಾನಗಿ, ಮಿತಿಗಳನ್ನು ಗೊತ್ತುಪಡಿಸಿದ ಮೇಲೆ ಅದು ಚೇತರಿಸಿಕೊಂಡು ಇಂದು ಸುಮಾರು 3 ಕೋಟಿಗೆ ಮುಟ್ಟಿದೆಯೆಂದು ಅಂದಾಜಿದೆ. ಬಿಲ್ಲುಬೇಟೆಗೆಂದೇ ಪ್ರತ್ಯೇಕ ಋತುವನ್ನು ವಿಸ್ಕಾನ್ಸಿನ್ ರಾಜ್ಯ 1934ರಲ್ಲಿ ಆರಂಭಿಸಿತು. ಈಗ ಅಲ್ಲಿ ಅದು ಸೆಪ್ಟೆಂಬರ್ ನಡುವಿನಿಂದ ಜನವರಿಯ ಆರಂಭದವರೆಗೂ ನಡೆಯುತ್ತದೆ, ಆದ್ದರಿಂದ ಜಿಂಕೆಯ ಬದುಕಿನಲ್ಲಿ ಒಂದು ಬೇಸಿಗೆಯ ಕೊನೆಯಿಂದ ನಡುಚಳಿಗಾಲದವರೆಗೆ ಆಗುವ ಬದಲಾವಣೆಗಳನ್ನೆಲ್ಲ ಬಿಲ್ಲು ಹಿಡಿದವರು ಹತ್ತಿರದಿಂದ ನೋಡುವಂತಾಗುತ್ತದೆ.

ಮೂವತ್ತು ಗಜದ ಲೋಕ

ಕೋವಿ ಹಿಡಿದವರಿಗೂ ಬಿಲ್ಲು ಹಿಡಿದವರಿಗೂ ಇರುವ ಮುಖ್ಯ ವ್ಯತ್ಯಾಸ ದೂರದ್ದು. ಕೋವಿಯಿಂದ ನೂರಿನ್ನೂರು ಗಜದಾಚೆ ನಿಂತ ಜಿಂಕೆಯನ್ನು ಹೊಡೆಯಬಹುದು. ಬಿಲ್ಲಿನಲ್ಲಿ ಇಪ್ಪತ್ತು ಮೂವತ್ತು ಗಜ ಮೀರಿದರೆ ಗುರಿ ತಪ್ಪುವ, ಅದಕ್ಕಿಂತಲೂ ಕೆಟ್ಟದಾಗಿ, ಜಿಂಕೆ ಸಾಯದೆ ಗಾಯಗೊಂಡು ನರಳುವ ಸಂಭವ ಬಲುಬೇಗ ಹೆಚ್ಚುತ್ತದೆ. ಹೋಲೆಸ್ ವಿಲ್ಬರ್ ಆಲೆನ್ ರೂಪಿಸಿ 1969ರಲ್ಲಿ ಹಕ್ಕುಪತ್ರ ಪಡೆದ ರಾಟೆಬಿಲ್ಲು, ಎಂದರೆ ತುದಿಗಳಲ್ಲಿ ಪುಟ್ಟ ಗಾಲಿಗಳಿದ್ದು ಹೆದೆಯನ್ನು ಪೂರ್ತಿ ಎಳೆದು ಹಿಡಿದಾಗ ತೋಳಿನ ಮೇಲಿನ ಭಾರವನ್ನು ಇಳಿಸುವ ಬಿಲ್ಲು, ಎಷ್ಟೇ ಸುಧಾರಿಸಿದ್ದರೂ ಈ ಮಿತಿಯನ್ನು ಪೂರ್ತಿ ತೊಡೆದುಹಾಕಿಲ್ಲ. ಕಾರಣ ಬಿಲ್ಲಿನ ಬಲದಲ್ಲಿಲ್ಲ, ಜಿಂಕೆಯ ಕಿವಿಯಲ್ಲಿದೆ.

ಮೂವತ್ತು ಗಜವೆಂದರೆ ಸುಮಾರು 27 ಮೀಟರ್. ಒಳ್ಳೆಯ ರಾಟೆಬಿಲ್ಲಿನಿಂದ ಹೊರಟ ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ವೇಗದಲ್ಲಿ ಹೋದರೆ ಈ ದೂರವನ್ನು ದಾಟಲು ಅದಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಹೊತ್ತು ಬೇಕು. ಹೆದೆ ಬಿಟ್ಟಾಗ ಆಗುವ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುವುದರಿಂದ ಬಾಣಕ್ಕಿಂತ ಕಾಲು ಸೆಕೆಂಡು ಮೊದಲೇ ಜಿಂಕೆಯ ಕಿವಿಯನ್ನು ತಲಪುತ್ತದೆ. ಆ ಕಾಲು ಸೆಕೆಂಡಿನಲ್ಲಿ ನಡೆಯುವುದನ್ನು ವೇಗದ ಕ್ಯಾಮೆರಾಗಳು ಸೆರೆಹಿಡಿದಿವೆ: ಜಿಂಕೆ ನೆಗೆಯುವುದಿಲ್ಲ, ಮೊದಲು ಕುಸಿಯುತ್ತದೆ. ನೆಗೆಯಬೇಕಾದರೆ ಕಾಲುಗಳನ್ನು ಮಡಿಸಿ ಕಸುವು ತುಂಬಿಕೊಳ್ಳಬೇಕು. ಹಾಗೆ ಮಡಿಸಿದಾಗ ಮೈ ತನ್ನ ಭಾರಕ್ಕೇ ನೆಲದತ್ತ ಬೀಳುತ್ತದೆ, ಎದೆ ಅಂಗೈಯಗಲದಿಂದ ಗೇಣಿನವರೆಗೆ ಕೆಳಗಿಳಿಯುತ್ತದೆ, ಶ್ವಾಸಕೋಶಕ್ಕೆ ನೇರವಾಗಿ ಹಿಡಿದಿದ್ದ ಬಾಣ ಬೆನ್ನಿನ ಮೇಲೆ ಹಾದುಹೋಗುತ್ತದೆ. ಬಾಣವನ್ನು ಕಂಡು ತಪ್ಪಿಸಿಕೊಂಡಿತೆಂದು ನೋಡಿದವರಿಗೆ ಅನ್ನಿಸಿದರೂ ಆ ಪ್ರಾಣಿ ಬಾಣವನ್ನು ಕಂಡಿರುವುದೇ ಇಲ್ಲ. ಅದು ಓಡಲು ಹೊರಟಿತ್ತು, ಅಷ್ಟೆ.

ಮೂಗಿನ ಮಾತು ಇನ್ನೂ ದೊಡ್ಡದು. ಬೆಳಗ್ಗೆ ಬಿಸಿಲು ಬಿದ್ದು ಇಳಿಜಾರಿನ ಗಾಳಿ ಕಾಯ್ದು ಮೇಲೇರುತ್ತದೆ, ಸಂಜೆ ತಣ್ಣಗಾಗಿ ಕಣಿವೆಯತ್ತ ಹರಿಯುತ್ತದೆ, ಈ ಹರಿವಿನಲ್ಲಿ ಮನುಷ್ಯನ ವಾಸನೆ ಎತ್ತ ಹೋಗುತ್ತದೆಂಬುದರ ಮೇಲೆ ಇಡೀ ದಿನದ ಬೇಟೆ ನಿಂತಿರುತ್ತದೆ. ಬೇಟೆಗಾರರು ಹದಿನೈದಿಪ್ಪತ್ತು ಅಡಿ ಎತ್ತರದಲ್ಲಿ ಮರಕ್ಕೆ ಅಟ್ಟಣೆ ಕಟ್ಟಿ ಕೂರುವುದು ವಾಸನೆಯನ್ನೂ ಚಲನೆಯನ್ನೂ ಜಿಂಕೆಯ ಎತ್ತರದಿಂದ ಮೇಲಕ್ಕೆ ಒಯ್ಯಲೆಂದು. ಬಣ್ಣ ಕಾಣುವ ವಿಷಯದಲ್ಲಿ ಮಾತ್ರ ಜಿಂಕೆ ಮನುಷ್ಯನಿಗಿಂತ ಒಂದು ಕೈ ಹಿಂದೆ: ಅದರ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಎರಡೇ ಬಗೆಯವು, ಹಾಗಾಗಿ ಕೋವಿಬೇಟೆಗಾರರು ಪರಸ್ಪರರ ಸುರಕ್ಷತೆಗೆಂದು ತೊಡುವ ಕಣ್ಣುಕುಕ್ಕುವ ಕಿತ್ತಳೆ ಬಣ್ಣ ಅದಕ್ಕೆ ಮಂಕಾಗಿಯೇ ಕಾಣುತ್ತದೆ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಬಿಲ್ಲುಬೇಟೆಗಾರ ನೋಡುವುದು ಕಾಡನ್ನಲ್ಲ, ಒಂದು ಮರದ ಸುತ್ತಲಿನ ಮೂವತ್ತು ಗಜವನ್ನು. ಚದರ ಮೈಲಿಗಟ್ಟಲೆ ಓಡಾಡುವ ಪ್ರಾಣಿ ತನ್ನ ದಾರಿಯನ್ನು ಇನ್ನೂರು ಗಜ ಆಚೆ ಸರಿಸಿದರೂ ಆ ಮರದ ಮೇಲಿರುವವರ ಪಾಲಿಗೆ ಅದು ಕಣ್ಮರೆಯಾದಂತೆಯೇ.

ಅಕ್ಟೋಬರಿನ ಬರ

ಅಕ್ಟೋಬರಿನಲ್ಲಿ ಜಿಂಕೆಗಳು ಅಡಗಿ ಕೂರುತ್ತವೆ, ಗಂಡುಗಳು ಮುಂದಿನ ಮದಗಾಲಕ್ಕೆಂದು ಮೈಯುಳಿಸಿಕೊಳ್ಳುತ್ತವೆ ಎಂಬ ನಂಬಿಕೆ ಬೇಟೆಗಾರರಲ್ಲಿ ಬಹಳ ಹಳೆಯದು. ಆದರೆ ಗಂಡು ಜಿಂಕೆಗಳಿಗೆ ಜಿಪಿಎಸ್ ಕೊರಳಪಟ್ಟಿ ತೊಡಿಸಿ ಅವುಗಳ ಹಾದಿಯನ್ನು ಗುರುತಿಸಿದ ಅಧ್ಯಯನಗಳಲ್ಲಿ ಈ ಬಿಡುವು ಕಂಡುಬಂದಿಲ್ಲ. ತಿಂಗಳು ಸಾಗಿದಂತೆ ಅವು ದಿನಕ್ಕೆ ನಡೆಯುವ ದೂರ ಹೆಚ್ಚುತ್ತಲೇ ಹೋಗುತ್ತದೆ. ಹಾಗಿದ್ದರೆ ಕಾಣೆಯಾಗಿದ್ದು ಜಿಂಕೆಯ ಚಟುವಟಿಕೆಯಲ್ಲ, ಜಿಂಕೆಯನ್ನು ಕುರಿತು ಬೇಟೆಗಾರ ಬೇಸಿಗೆಯಲ್ಲಿ ಕಲಿತಿದ್ದ ಪಾಠ.

ಬೇಸಿಗೆಯುದ್ದಕ್ಕೂ ಗಂಡುಗಳು ಚಿಕ್ಕ ಗುಂಪುಗಳಾಗಿ, ಜಗಳವಿಲ್ಲದೆ, ಸೋಯಾ ಮತ್ತು ಕುದುರೆಮೆಂತ್ಯದ ಹೊಲಗಳಲ್ಲಿ ಮೇಯುತ್ತವೆ. ಸೆಪ್ಟೆಂಬರಿನಲ್ಲಿ ಸೋಯಾ ಎಲೆ ಹಳದಿಯಾಗಿ ರುಚಿ ಕೆಡುತ್ತದೆ, ಅದೇ ಹೊತ್ತಿಗೆ ಕಾಡಿನೊಳಗೆ ಓಕ್ ಮರಗಳ ಕಾಯಿ ಉದುರತೊಡಗುತ್ತವೆ. ಬಿಳಿ ಓಕ್ ಮರದ ಕಾಯಿ ಹೂ ಬಿಟ್ಟ ವರ್ಷವೇ ಬಲಿಯುತ್ತದೆ, ಒಗರು ಕಡಿಮೆಯಿರುವುದರಿಂದ ಜಿಂಕೆಗೆ ಅದು ಬಲು ಪ್ರಿಯ. ಕೆಂಪು ಓಕ್ ಮರದ್ದು ಬಲಿಯಲು ಎರಡು ವರ್ಷ ತೆಗೆದುಕೊಳ್ಳುತ್ತದೆ, ಒಗರೂ ಹೆಚ್ಚು. ಮರಗಳು ಎಲ್ಲ ವರ್ಷವೂ ಒಂದೇ ಸಮನಾಗಿ ಫಲ ಕೊಡುವುದಿಲ್ಲ, ಒಂದು ವರ್ಷ ನೆಲವೇ ಕಾಣದಷ್ಟು ಕಾಯಿ ಬಿದ್ದರೆ ಮರುವರ್ಷ ಅದೇ ಗುಡ್ಡದಲ್ಲಿ ಹುಡುಕಿದರೂ ಸಿಗದಿರಬಹುದು. ಕಾಲಬುಡದಲ್ಲೇ ಹೊಟ್ಟೆ ತುಂಬುವ ಮೇವು ಸಿಕ್ಕಾಗ ಜಿಂಕೆ ಬಯಲಿಗೆ ಬರುವ ಅಗತ್ಯವೇ ಬೀಳುವುದಿಲ್ಲ. ಇದರ ಜೊತೆಗೆ ಗಂಡುಗಳ ಗುಂಪು ಒಡೆಯುತ್ತದೆ, ಒಂದೊಂದೂ ಬೇಸಿಗೆಯ ನೆಲೆ ಬಿಟ್ಟು ಬೇರೆ ನೆಲೆಗೆ ಸರಿಯುತ್ತದೆ, ಸಾಲದೆಂಬಂತೆ ಕಾಡಿನಲ್ಲಿ ಹಠಾತ್ತನೆ ಹೆಚ್ಚಿದ ಮನುಷ್ಯರ ಹೆಜ್ಜೆ ಮತ್ತು ವಾಸನೆಯಿಂದ ಎಚ್ಚೆತ್ತು ಅಟ್ಟಣೆಗಳ ಕಡೆ ಹಗಲಲ್ಲಿ ಸುಳಿಯುವುದನ್ನು ಕಡಿಮೆ ಮಾಡುತ್ತವೆ.

ಮೇವಿನ ಬದಲಾವಣೆಗೆ ಮರ ಕಾರಣ, ಎಚ್ಚರಕ್ಕೆ ಮನುಷ್ಯ ಕಾರಣ. ಆದರೆ ಎರಡು ವಾರಗಳ ಹಿಂದೆ ಒಂದೇ ಹೊಲದಲ್ಲಿ ಮೈಗೆ ಮೈ ತಾಗಿಸಿ ಮೇಯುತ್ತಿದ್ದ ಗಂಡುಗಳು ಈಗ ಒಂದನ್ನೊಂದು ಕಂಡರೆ ಸಿಡುಕುವುದಕ್ಕೆ ಕಾರಣವನ್ನು ಹೊರಗೆ ಹುಡುಕಿ ಫಲವಿಲ್ಲ.

ಕತ್ತಲೆಯ ಲೆಕ್ಕ

ಕರ್ನಾಟಕದ ಹಳ್ಳಿಗಳಲ್ಲಿ ರೈತರು ಬಿತ್ತನೆಯ ಹೊತ್ತನ್ನು ರೋಹಿಣಿ, ಮೃಗಶಿರಾ, ಆರಿದ್ರಾ ಎಂಬ ಮಳೆನಕ್ಷತ್ರಗಳಿಂದ ಗುರುತಿಸುತ್ತಾರೆ. ಯುಗಾದಿ ಚಂದ್ರನ ಲೆಕ್ಕದ್ದಾದ್ದರಿಂದ ಕ್ಯಾಲೆಂಡರಿನಲ್ಲಿ ಹಿಂದೆ ಮುಂದೆ ಸರಿಯುತ್ತದೆ. ರೋಹಿಣಿ ಮಳೆ ಸೂರ್ಯನ ಲೆಕ್ಕದ್ದಾದ್ದರಿಂದ ಪ್ರತಿವರ್ಷವೂ ಮೇ ಕೊನೆಯ ವಾರದಲ್ಲೇ ಹುಟ್ಟುತ್ತದೆ. ಆಯಾ ವರ್ಷ ಮೋಡ ಕಟ್ಟಿತೋ ಇಲ್ಲವೋ ಎಂಬುದು ನಂಬಲಾಗದ ಸಂಗತಿ, ಸೂರ್ಯನ ಸ್ಥಾನ ನಂಬಬಹುದಾದದ್ದು. ಜಿಂಕೆಯ ಮೈಯೂ ಇಂಥ ಸೂರ್ಯನ ಪಂಚಾಂಗವನ್ನೇ ಇಟ್ಟುಕೊಂಡಿದೆ, ಮತ್ತು ಅದು ಓದುವ ಅಕ್ಷರ ಇರುಳಿನ ಉದ್ದ.

ವಿಸ್ಕಾನ್ಸಿನ್ನಿನ ಮ್ಯಾಡಿಸನ್ ನಗರ 43 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್‌ನಲ್ಲಿ ಹದಿನೈದು ಗಂಟೆಗೂ ಮೀರುವ ಹಗಲು ಡಿಸೆಂಬರಿನಲ್ಲಿ ಒಂಬತ್ತು ಗಂಟೆಗೆ ಇಳಿಯುತ್ತದೆ, ಸೆಪ್ಟೆಂಬರ್ ಕೊನೆಯಲ್ಲಂತೂ ದಿನಕ್ಕೆ ಸುಮಾರು ಮೂರು ನಿಮಿಷ ಕುಗ್ಗುತ್ತದೆ. ಹೀಗೆ ಬದಲಾಗುವ ಹಗಲಿನ ಉದ್ದವನ್ನು ಹಗಲಳತೆ ಎಂದು ಕರೆಯಬಹುದು. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ನರಗಳ ಮೂಲಕ ಮಿದುಳಿನೊಳಗಿನ ಪೀನಿಯಲ್ ಎಂಬ ಪುಟ್ಟ ಗ್ರಂಥಿಗೆ ತಲಪುತ್ತದೆ. ಈ ಗ್ರಂಥಿ ಕತ್ತಲಲ್ಲಿ ಮಾತ್ರ ಮೆಲಟೋನಿನ್ ಎಂಬ ಚೋದಕವನ್ನು ರಕ್ತಕ್ಕೆ ಬಿಡುತ್ತದೆ, ಬೆಳಕು ಬಿದ್ದೊಡನೆ ನಿಲ್ಲಿಸುತ್ತದೆ. ಹೀಗಾಗಿ ಇರುಳು ಉದ್ದವಾದಷ್ಟೂ ಮೆಲಟೋನಿನ್ ರಕ್ತದಲ್ಲಿ ಇರುವ ಅವಧಿ ಉದ್ದವಾಗುತ್ತದೆ, ಆ ಅವಧಿಯನ್ನು ಮಿದುಳಿನ ಬುಡದಲ್ಲಿರುವ ಕೇಂದ್ರಗಳು ಗ್ರಹಿಸಿ ಪಿಟ್ಯುಟರಿ ಗ್ರಂಥಿಗೆ ಆಜ್ಞೆ ಕೊಡುತ್ತವೆ, ಪಿಟ್ಯುಟರಿ ಬೀಜಗಳನ್ನು ಎಚ್ಚರಿಸುತ್ತದೆ, ಬೀಜಗಳು ಟೆಸ್ಟೊಸ್ಟಿರೋನ್ ಎಂಬ ಗಂಡುಚೋದಕವನ್ನು ಹೆಚ್ಚಿಸುತ್ತವೆ.

ಗಂಡುಚೋದಕ ಏರುತ್ತಿರುವುದಕ್ಕೆ ಮೊದಲ ಸಾಕ್ಷಿ ತಲೆಯ ಮೇಲೇ ಕಾಣುತ್ತದೆ. ಜಿಂಕೆಯ ಕವಲುಗೊಂಬು ಹಸುವಿನ ಕೋಡಿನಂತೆ ಬದುಕಿಡೀ ಉಳಿಯುವಂಥದ್ದಲ್ಲ. ಅದು ಅಪ್ಪಟ ಮೂಳೆ, ಪ್ರತಿವರ್ಷ ಉದುರಿ ಮತ್ತೆ ಬೆಳೆಯುವಂಥದ್ದು, ಸಸ್ತನಿಗಳ ಮೈಯಲ್ಲಿ ಅತಿ ವೇಗವಾಗಿ ಬೆಳೆಯುವ ಅಂಗಾಂಶಗಳಲ್ಲಿ ಒಂದು. ವಸಂತದಿಂದ ಬೇಸಿಗೆಯವರೆಗೆ ನೆತ್ತರು ತುಂಬಿದ, ಮಖಮಲ್ಲಿನಂಥ ತೊಗಲಿನೊಳಗೆ ಬೆಳೆಯುವ ಈ ಕೊಂಬು ಗಂಡುಚೋದಕ ಏರಿದಂತೆ ಗಟ್ಟಿಯಾಗುತ್ತದೆ, ತೊಗಲಿಗೆ ಹೋಗುವ ರಕ್ತ ನಿಲ್ಲುತ್ತದೆ, ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರ್ ಆರಂಭದಲ್ಲೋ ಜಿಂಕೆ ಅದನ್ನು ಗಿಡಗಳಿಗೆ ಉಜ್ಜಿ ಚಿಂದಿಚಿಂದಿಯಾಗಿ ಕಳಚಿಹಾಕುತ್ತದೆ. ಅಲ್ಲಿಂದಾಚೆಗೆ ಗುಂಪು ಒಡೆಯುವುದು, ಕತ್ತು ದಪ್ಪಗಾಗುವುದು, ಎಳೆಯ ಮರಗಳ ತೊಗಟೆ ಸುಲಿಯುವಂತೆ ಹಣೆ ಉಜ್ಜಿ ವಾಸನೆ ಹಚ್ಚುವುದು, ಬಾಗಿದ ಕೊಂಬೆಯ ಕೆಳಗೆ ನೆಲವನ್ನು ಗೊರಸಿನಿಂದ ಕೆರೆದು ಮೂತ್ರ ಹೊಯ್ಯುವುದು, ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಚಳಿಗಾಲದಲ್ಲಿ ಗಂಡುಚೋದಕ ಇಳಿದಾಗ ಕೊಂಬು ಬುಡದಲ್ಲಿ ಸಡಿಲಗೊಂಡು ಬಿದ್ದುಹೋಗುತ್ತದೆ.

ಇದಕ್ಕೆಲ್ಲ ಚಳಿಯಾಗಲಿ ಮೇವಾಗಲಿ ಕಾರಣವಲ್ಲ, ಬೆಳಕೇ ಕಾರಣ ಎಂಬುದನ್ನು ಬ್ರೌನ್ ವಿಶ್ವವಿದ್ಯಾಲಯದ ರಿಚರ್ಡ್ ಗಾಸ್ 1960ರ ದಶಕದಲ್ಲಿ ಸೀಕಾ ಜಾತಿಯ ಜಿಂಕೆಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿದರು. ಕೊಟ್ಟಿಗೆಯೊಳಗೆ ವಿದ್ಯುದ್ದೀಪಗಳನ್ನು ಹೊತ್ತಿಸಿ ಆರಿಸಿ ಒಂದು ವರ್ಷದ ಹಗಲಳತೆಯ ಏರಿಳಿತವನ್ನು ಆರು ತಿಂಗಳಿಗೆ ಅಡಕಿಸಿದಾಗ ಜಿಂಕೆಗಳು ವರ್ಷಕ್ಕೆ ಎರಡು ಸಲ ಕೊಂಬು ಉದುರಿಸಿ ಬೆಳೆಸಿದವು. ವರ್ಷಪೂರ್ತಿ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಕೊಟ್ಟಾಗ ಕೊಂಬಿನ ಚಕ್ರವೇ ದಾರಿ ತಪ್ಪಿತು. ಪ್ರಯೋಗಶಾಲೆಯ ಹೊರಗೂ ಇಂಥದೇ ಸಾಕ್ಷಿಯಿದೆ: ಬ್ರಿಟನ್ನಿನಲ್ಲಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮದವೇರುವ ಕೆಂಪುಜಿಂಕೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನಲ್ಲಿ ನ್ಯೂಜಿಲೆಂಡಿಗೆ ಒಯ್ದರು, ಅಲ್ಲಿ ಅವುಗಳ ಮದಗಾಲ ಮಾರ್ಚ್–ಏಪ್ರಿಲ್‌ಗೆ ಸರಿಯಿತು, ಏಕೆಂದರೆ ದಕ್ಷಿಣ ಗೋಳಾರ್ಧದಲ್ಲಿ ಇರುಳು ಬೆಳೆಯುವ ಕಾಲ ಅದು. ಅದೇ ದೇಶದ ಜಿಂಕೆ ಸಾಕಣೆಯಲ್ಲಿ ಮೆಲಟೋನಿನ್ ಗುಳಿಗೆಯನ್ನು ಬೇಸಿಗೆಯಲ್ಲೇ ಚರ್ಮದಡಿ ಇಟ್ಟರೆ, ಇರುಳು ಉದ್ದವಾಗಿದೆಯೆಂದು ಮೈ ತಪ್ಪು ತಿಳಿದು, ಮದಗಾಲ ವಾರಗಟ್ಟಲೆ ಮುಂಚಿತವಾಗಿ ಬರುತ್ತದೆ.

ನವೆಂಬರಿನ ಎರಡು ವಾರ

ಹೆಣ್ಣಿನ ಮೈಯೂ ಇದೇ ಲೆಕ್ಕವನ್ನು ಓದುತ್ತದೆ. ಉತ್ತರದ ರಾಜ್ಯಗಳಲ್ಲಿ ಬಹುಪಾಲು ಹೆಣ್ಣುಗಳು ನವೆಂಬರ್ ನಡುವಿನ ಕೆಲವೇ ದಿನಗಳಲ್ಲಿ ಬೆದೆಗೆ ಬರುತ್ತವೆ, ಒಂದೊಂದರ ಬೆದೆಯೂ ಉಳಿಯುವುದು ಒಂದೆರಡು ದಿನ ಮಾತ್ರ. ಗರ್ಭ ಸುಮಾರು 200 ದಿನ. ಲೆಕ್ಕ ಹಾಕಿದರೆ ಮರಿಗಳು ಮೇ ಕೊನೆಯಿಂದ ಜೂನ್ ಆರಂಭದೊಳಗೆ ನೆಲ ಮುಟ್ಟುತ್ತವೆ, ಹುಲ್ಲು ಚಿಗುರಿ ತಾಯಿಗೆ ಹಾಲೂಡುವಷ್ಟು ಮೇವು ಸಿಗುವ ಹೊತ್ತದು. ಇದಕ್ಕಿಂತ ಮೊದಲು ಹುಟ್ಟಿದರೆ ಚಳಿಗೆ ಸಾಯುತ್ತವೆ, ತಡವಾಗಿ ಹುಟ್ಟಿದರೆ ಮುಂದಿನ ಹಿಮ ಬೀಳುವಷ್ಟರಲ್ಲಿ ಮೈ ತುಂಬಿಕೊಂಡಿರುವುದಿಲ್ಲ, ಜೊತೆಗೆ ಎಲ್ಲ ಮರಿಗಳೂ ಒಮ್ಮೆಲೇ ಹುಟ್ಟುವುದರಿಂದ ಕಾಯೊಟಿ, ಕರಡಿಗಳು ಅಷ್ಟನ್ನೂ ತಿಂದು ಮುಗಿಸಲಾರವು. ಸಾವಿರಾರು ತಲೆಮಾರುಗಳಲ್ಲಿ ತಪ್ಪು ತಿಂಗಳಲ್ಲಿ ಹುಟ್ಟಿದ ಮರಿಗಳು ಸತ್ತು ಸತ್ತು ಈ ದಿನಾಂಕ ಗಟ್ಟಿಯಾಗಿದೆ. ನವೆಂಬರಿನ ಓಟವನ್ನು ಜೂನಿನ ಹುಲ್ಲು ಗೊತ್ತುಮಾಡಿದೆ ಎಂಬುದು ಈ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಸಂಗತಿ.

ಗಂಡಿಗೆ ಇದರ ಅರ್ಥ ಬೇರೆ. ಅದರ ಮೈ ಸೆಪ್ಟೆಂಬರಿನಿಂದಲೇ ಸಿದ್ಧವಾಗಿದೆ, ಆದರೆ ಹೆಣ್ಣುಗಳು ಇನ್ನೂ ಬೆದೆಗೆ ಬಂದಿಲ್ಲ. ನವೆಂಬರ್ ಮೊದಲ ವಾರದಲ್ಲಿ ಅಲ್ಲೊಂದು ಇಲ್ಲೊಂದು ಹೆಣ್ಣು ಬೆದೆಗೆ ಬಂದಾಗ ಅದನ್ನು ಹುಡುಕಲು ಗಂಡು ತನ್ನ ನೆಲೆಯನ್ನು ದಾಟಿ ಮೈಲಿಗಟ್ಟಲೆ ಅಲೆಯುತ್ತದೆ, ಹೆಣ್ಣಿನ ಮೂತ್ರವನ್ನು ಮೂಸಿ ಮೇಲ್ದುಟಿ ಸುರುಳಿ ಮಾಡಿ ಬಾಯಿಯ ಮೇಲ್ಛಾವಣಿಯಲ್ಲಿರುವ ವಾಸನೆಯಂಗಕ್ಕೆ ಅದನ್ನು ಮುಟ್ಟಿಸಿ ಹದ ನೋಡುತ್ತದೆ, ಮೇವನ್ನೂ ನಿದ್ದೆಯನ್ನೂ ಮರೆಯುತ್ತದೆ. ಈ ಕೆಲವು ವಾರಗಳಲ್ಲಿ ಬಲಿತ ಗಂಡು ತನ್ನ ಮೈತೂಕದ ಕಾಲು ಭಾಗದವರೆಗೂ ಕಳೆದುಕೊಳ್ಳಬಹುದು. ಹೆದ್ದಾರಿಯ ಅಪಘಾತಗಳು ಏರುವುದು, ಅಟ್ಟಣೆಯ ಮೇಲೆ ವಾರಗಟ್ಟಲೆ ಬರಿಗೈಲಿ ಕುಳಿತವರಿಗೆ ನಡುಹಗಲಲ್ಲೇ ಗಂಡು ಕಾಣುವುದು, ಎರಡೂ ಈ ಅಲೆದಾಟದ ಫಲ. ಸಾಲದ್ದಕ್ಕೆ ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಜನ ಕೆಲಸ ಮುಗಿಸಿ ಮನೆಗೆ ಹೊರಡುವ ಹೊತ್ತು ಮುಸ್ಸಂಜೆಗೆ ಬಂದು ಕೂಡುತ್ತದೆ, ಜಿಂಕೆಗಳು ವರ್ಷವಿಡೀ ಹೆಚ್ಚು ಓಡಾಡುವ ಹೊತ್ತೂ ಅದೇ.

ಬಳಿಕದ ನಿಶ್ಶಬ್ದಕ್ಕೂ ಇದೇ ಕಾರಣ. ಬಹುಪಾಲು ಹೆಣ್ಣುಗಳು ಒಮ್ಮೆಲೇ ಬೆದೆಗೆ ಬಂದಾಗ ಗಂಡು ಹುಡುಕುವ ಅಗತ್ಯವಿರುವುದಿಲ್ಲ, ಸಿಕ್ಕ ಹೆಣ್ಣಿನ ಪಕ್ಕದಲ್ಲಿ ಒಂದೆರಡು ದಿನ ಪೊದೆಯೊಂದರಲ್ಲಿ ಕಾವಲು ನಿಲ್ಲುತ್ತದೆ. ಮದಗಾಲ ತುತ್ತತುದಿ ಮುಟ್ಟಿದಾಗಲೇ ಕಾಡು ಖಾಲಿಯಾದಂತೆ ಕಾಣುವುದು ಹೀಗೆ. ಗರ್ಭ ನಿಲ್ಲದ ಹೆಣ್ಣುಗಳು ಸುಮಾರು 28 ದಿನಗಳ ನಂತರ ಮತ್ತೆ ಬೆದೆಗೆ ಬರುತ್ತವೆ, ಡಿಸೆಂಬರಿನಲ್ಲಿ ಚಿಕ್ಕದೊಂದು ಚೇತರಿಕೆ ಕಾಣುತ್ತದೆ, ಅಷ್ಟರಲ್ಲಿ ವಿಸ್ಕಾನ್ಸಿನ್ನಿನ ಒಂಬತ್ತು ದಿನಗಳ ಕೋವಿಬೇಟೆ ಮುಗಿದು ಉಳಿದ ಜಿಂಕೆಗಳು ದಟ್ಟ ಪೊದೆಗಳಿಗೆ ಸರಿದಿರುತ್ತವೆ. ಋತುವಿನ ಕೊನೆಯಲ್ಲಿ ಅವುಗಳನ್ನು ಹೊರಗೆಳೆಯುವುದು ಹಸಿವೊಂದೇ.

ಚಂದ್ರನ ಪಾಲು

ಹುಣ್ಣಿಮೆಯೇ ಮದಗಾಲವನ್ನು ಗೊತ್ತುಮಾಡುತ್ತದೆಂದು ಬೇಟೆಗಾರರಲ್ಲಿ ಅನೇಕರು ನಂಬುತ್ತಾರೆ. ಇದನ್ನು ಪರೀಕ್ಷಿಸುವ ವಿಧಾನ ನೇರವಾಗಿದೆ: ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಗರ್ಭಿಣಿ ಜಿಂಕೆಗಳ ಭ್ರೂಣದ ಉದ್ದವನ್ನು ಅಳೆದರೆ ಅದರ ವಯಸ್ಸು ತಿಳಿಯುತ್ತದೆ, ಅದರಿಂದ ಹಿಂದಕ್ಕೆ ಎಣಿಸಿದರೆ ಗರ್ಭ ನಿಂತ ದಿನ ಸಿಗುತ್ತದೆ. ಹೀಗೆ ಕಂಡುಕೊಂಡ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಒಂದೇ ಕಡೆ ಗುಂಪುಗೂಡುತ್ತವೆ, ಹುಣ್ಣಿಮೆಯ ಹಿಂದೆ ಅಲೆಯುವುದಿಲ್ಲ. ಜಿಂಕೆಯ ಪಂಚಾಂಗ ರೋಹಿಣಿ ಮಳೆಯದು, ಯುಗಾದಿಯದಲ್ಲ. ಚಳಿ ಬಿದ್ದ ದಿನ ಹಗಲಿನ ಓಡಾಟ ತುಸು ಹೆಚ್ಚಬಹುದು, ಬಿಸಿಲೇರಿದರೆ ತಗ್ಗಬಹುದು, ಆದರೆ ಹೆಣ್ಣುಗಳು ಬೆದೆಗೆ ಬರುವ ದಿನ ಅದರಿಂದ ಸರಿಯುವುದಿಲ್ಲ.

ನವೆಂಬರ್ ಇಲ್ಲದ ಜಿಂಕೆ

ಹಗಲಳತೆಯೇ ಮೂಲವಾದರೆ ಅದು ಹೆಚ್ಚು ಬದಲಾಗದ ನಾಡಿನಲ್ಲಿ ಈ ಶಿಸ್ತು ಸಡಿಲವಾಗಬೇಕು, ಹಾಗೆಯೇ ಆಗುತ್ತದೆ. ಬಿಳಿಬಾಲದ ಜಿಂಕೆಗಳೇ ಫ್ಲಾರಿಡಾದ ತೆಂಕಣ ತುದಿಯಲ್ಲಿ ಜುಲೈನಷ್ಟು ಬೇಗ ಮದಕ್ಕೆ ಬಂದರೆ ಅದೇ ರಾಜ್ಯದ ವಾಯವ್ಯ ಮೂಲೆಯಲ್ಲಿ ಫೆಬ್ರವರಿಯವರೆಗೂ ತಡಮಾಡುತ್ತವೆ. ಬಂಡೀಪುರದ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯನ್ನೂ ಮುಟ್ಟುವುದಿಲ್ಲ, ಅಲ್ಲಿಯ ಚುಕ್ಕೆಜಿಂಕೆಗಳ ಒಂದೇ ಹಿಂಡಿನಲ್ಲಿ ಗಟ್ಟಿಗೊಂಬಿನ ಗಂಡು, ಮಖಮಲ್ಲು ತೊಗಲಿನ ಗಂಡು, ಕೊಂಬು ಉದುರಿಸಿ ಬೋಳುತಲೆಯಾದ ಗಂಡು ಒಟ್ಟಿಗೆ ಮೇಯುವುದನ್ನು ಸಫಾರಿಗೆ ಹೋದವರೆಲ್ಲ ಕಂಡಿರುತ್ತಾರೆ. ಮರಿಗಳು ಹೆಚ್ಚು ಹುಟ್ಟುವ ತಿಂಗಳುಗಳು ಅವಕ್ಕೂ ಇವೆ, ಆದರೆ ವರ್ಷದ ಯಾವ ತಿಂಗಳಲ್ಲಾದರೂ ಎಳೆಮರಿ ಕಾಣಸಿಗಬಹುದು.

ಈ ಚುಕ್ಕೆಜಿಂಕೆಗಳನ್ನು 1930ರ ದಶಕದಲ್ಲಿ ಟೆಕ್ಸಾಸಿಗೆ ಒಯ್ದು ಬಿಟ್ಟರು, ಅವು ಅಲ್ಲಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಹಬ್ಬಿಕೊಂಡಿವೆ. ಬಿಳಿಬಾಲದ ಜಿಂಕೆಯ ಪಕ್ಕದಲ್ಲೇ ಮೇಯುತ್ತ, ಅದೇ ಆಕಾಶದ ಅದೇ ಇರುಳನ್ನು ಕಾಣುತ್ತ ಇದ್ದರೂ ಅವು ತಮ್ಮ ಹಳೆಯ ಪದ್ಧತಿಯನ್ನು ಬಿಟ್ಟಿಲ್ಲ, ವರ್ಷದ ಎಲ್ಲ ತಿಂಗಳುಗಳಲ್ಲೂ ಮರಿ ಹಾಕುತ್ತವೆ. ಹೊರಗಿನಿಂದ ಬಂದ ಪ್ರಾಣಿಯಾದ್ದರಿಂದ ಅವುಗಳ ಬೇಟೆಗೆ ಟೆಕ್ಸಾಸಿನಲ್ಲಿ ಋತುವೆಂಬುದೇ ಇಲ್ಲ, ಪರವಾನಗಿ ಪಡೆದ ಬಿಲ್ಲುಬೇಟೆಗಾರ ಯಾವ ತಿಂಗಳಲ್ಲಾದರೂ ಅವುಗಳಿಗಾಗಿ ಕಾಯಬಹುದು, ಹಾಗಾಗಿ ಅಕ್ಟೋಬರಿನ ಬರವನ್ನಾಗಲಿ ನವೆಂಬರಿನ ಸುಗ್ಗಿಯನ್ನಾಗಲಿ ಅವನು ಅಲ್ಲಿ ಕಾಣುವುದಿಲ್ಲ. ಚಳಿಗಾಲವಿಲ್ಲದ ನಾಡಿನಿಂದ ಬಂದ ಮೈ ತೆರಬೇಕಾದ ಬೆಲೆ 2021ರ ಫೆಬ್ರವರಿಯಲ್ಲಿ ತಿಳಿದುಬಂತು. ಟೆಕ್ಸಾಸನ್ನು ಹಲವು ದಿನ ಹೆಪ್ಪುಗಟ್ಟಿಸಿದ ಹಿಮಗಾಳಿಯಲ್ಲಿ ಚುಕ್ಕೆಜಿಂಕೆಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ತಮ್ಮ ಮರಿಗಳನ್ನು ಹಿಂದಿನ ಬೇಸಿಗೆಯಲ್ಲೇ ಹೆತ್ತು ಬೆಳೆಸಿ ದಪ್ಪ ಕೂದಲಿನ ಚಳಿಗಾಲದ ಮೈಯಲ್ಲಿದ್ದ ಬಿಳಿಬಾಲದ ಜಿಂಕೆಗಳು ಅದೇ ಗುಡ್ಡಗಳಲ್ಲಿ ಅದನ್ನು ಬಹುಮಟ್ಟಿಗೆ ದಾಟಿದವು.